ಲಿವರ್ ಕೈಗೆ ಸಿಕ್ಕರೆ ದೊಡ್ಡದಾಗಿದೆ ಅಂತಲೇನಾ?

ಬಲ ಪಕ್ಕೆಲುಬಿನ ಕೆಳಗೆ ಎರಡು ಬೆರಳಷ್ಟು ಲಿವರ್ ಸಿಕ್ಕಿತು, ದೊಡ್ಡದಾಗಿದೆ ಅಂತ ಬರೆಯಬಹುದಾ ಎಂದು ಕೇಳಿದ್ದೀರಿ. ಅಷ್ಟಕ್ಕೇ ಬರೆಯಬೇಡಿ. ಮೇಲಂಚು ನೋಡಿದಿರಾ? ಕಾಲರ್ ಮೂಳೆಯ ನಡುವಿನಿಂದ ನೇರ ಕೆಳಕ್ಕೆ ಬೆರಳಿನಿಂದ ತಟ್ಟುತ್ತಾ ಬನ್ನಿ. ಟೊಳ್ಳು ಸದ್ದು ಹೋಗಿ ಮಂದ ಸದ್ದು ಶುರುವಾಗುವ ಜಾಗವೇ ಮೇಲಂಚು. ಅಲ್ಲಿಂದ ಕೆಳಂಚಿಗೆ ಟೇಪ್ ಹಿಡಿಯಿರಿ. ದೊಡ್ಡವರಲ್ಲಿ 6ರಿಂದ 12 ಸೆಂ.ಮೀ. ಇದ್ದರೆ ಸರಿ.

ಬಳ್ಳಾರಿಯ ವಾರ್ಡಿನಲ್ಲಿ ನಾನೂ ಹೀಗೇ ಏಮಾರಿದ್ದೆ. ನಲವತ್ತು ವರ್ಷ ಬೀಡಿ ಸೇದಿದ ತಾತ. ಉಬ್ಬಿದ ಶ್ವಾಸಕೋಶ ಲಿವರನ್ನು ಕೆಳಕ್ಕೆ ತಳ್ಳಿತ್ತು, ಅಳತೆ ಬರೀ 11!

ಇನ್ನೊಂದು, ಮುಟ್ಟಲು ಶುರು ಮಾಡುವುದು ಬಲಗಡೆ ಕೆಳಹೊಟ್ಟೆಯಿಂದ. ಸುಮ್ನೆ ಪಕ್ಕೆಲುಬಿನ ಹತ್ತಿರವೇ ಕೈಯಿಟ್ಟರೆ ಜಾಸ್ತಿ ಊದಿದ ಲಿವರ್ ತಪ್ಪಿಹೋಗುತ್ತದೆ. "ಉಸಿರು ಜೋರಾಗಿ ಎಳೀರಿ ತಾತ" ಅನ್ನಿ, ಅಂಚು ತಾನೇ ಬೆರಳಿಗೆ ಬಂದು ತಾಗುತ್ತದೆ.