ಮಲಗಿದವರನ್ನ ನೋಡೋಕೂ ಸಂಬಳ ಕೊಡ್ತಾರಾ?

ಪ್ರಶ್ನೆ: ಮೇಡಂ, ನಾನು ಈ ವರ್ಷ ಬಿಎ ಸೈಕಾಲಜಿ ಮುಗಿಸಿದೀನಿ. ಹಾಸ್ಟೆಲ್ ಹುಡುಗೀರ ನಿದ್ದೆ ಬಗ್ಗೆ ಪ್ರಾಜೆಕ್ಟ್ ಮಾಡಿದ್ದೆ, ಅವಾಗಿಂದ ಇದ್ರಲ್ಲೇ ಮುಂದುವರೀಬೇಕು ಅಂತ ಆಸೆ. ಮನೇಲಿ "ಜನ ಮಲಗೋದನ್ನ ನೋಡೋಕೂ ಸಂಬಳ ಕೊಡ್ತಾರಾ" ಅಂತ ನಗ್ತಾರೆ. ಆನ್‌ಲೈನಲ್ಲಿ ಸ್ಲೀಪ್ ಕೋಚ್ ಅಂತ ಮೂರು ತಿಂಗಳ ಕೋರ್ಸ್ ಇದೆ, ಸೇರ್ಲಾ?
– ಓದುಗಿ, ದಾವಣಗೆರೆ

ಉತ್ತರ: ಕೊಡ್ತಾರಮ್ಮ, ಅದಕ್ಕೆ ಸ್ಲೀಪ್ ಟೆಕ್ನಾಲಜಿಸ್ಟ್ ಅಂತಾರೆ. ರಾತ್ರಿ ಸ್ಲೀಪ್ ಲ್ಯಾಬಿಗೆ, ಅಂದ್ರೆ ನಿದ್ದೆ ಪರೀಕ್ಷೆ ಮಾಡೋ ಜಾಗಕ್ಕೆ, ಪೇಷಂಟ್ ಬಂದ್ಮೇಲೆ ಟೇಪ್ ಹಿಡಿದು ತಲೆ ಅಳೆದು, ಗುರುತು ಹಾಕಿ, ಅಲ್ಲಲ್ಲಿ ಚರ್ಮ ಉಜ್ಜಿ ಪೇಸ್ಟ್ ಹಚ್ಚಿ ಎಲೆಕ್ಟ್ರೋಡ್ ಅಂಟಿಸ್ಬೇಕು, ಕಣ್ಣಿನ ಪಕ್ಕ, ಗದ್ದಕ್ಕೆ, ಕಾಲಿಗೆ ಕೂಡ ವೈರು, ಎದೆಗೆ ಹೊಟ್ಟೆಗೆ ಬೆಲ್ಟು, ಬೆರಳಿಗೆ ಆಕ್ಸಿಜನ್ ಕ್ಲಿಪ್ಪು, ಇಷ್ಟೆಲ್ಲಾ ಕಟ್ಟಿ ಆಮೇಲೆ "ಆರಾಮಾಗಿ ಮಲ್ಕೊಳಿ" ಅನ್ಬೇಕು! ಬೆಳಿಗ್ಗೆ ಆ ರೆಕಾರ್ಡಿಂಗನ್ನ 30 ಸೆಕೆಂಡಿಗೊಂದು ತುಂಡಿನ ಹಾಗೆ ನೋಡಿ ಯಾವ ಹಂತದ ನಿದ್ದೆ ಅಂತ ಗುರುತಿಸ್ಬೇಕು, ಎಂಟು ಗಂಟೆಗೆ 960 ತುಂಡು. ಒಳ್ಳೆ ಕೆಲ್ಸಾನೇ, ಆದ್ರೆ ನೈಟ್ ಶಿಫ್ಟು, ಸೈಕಾಲಜಿ ಓದಿದ್ದು ಅಲ್ಲಿ ಅಷ್ಟಾಗಿ ಉಪಯೋಗಕ್ಕೆ ಬರಲ್ಲ.

ನಿಮ್ಮ ಜಾಗ ಇರೋದು ಇನ್ಸಾಮ್ನಿಯಾ, ಅಂದ್ರೆ ನಿದ್ರಾಹೀನತೆ ಕಡೆ. ತಿಂಗಳುಗಟ್ಲೆ ನಿದ್ದೆ ಬರದೇ ಇರೋರಿಗೆ ಸಿಬಿಟಿ-ಐ ಅಂತ ಒಂದು ಥೆರಪಿ ಇದೆ, ನಿದ್ದೆ ಬಗ್ಗೆ ಇರೋ ಯೋಚನೆ, ಅಭ್ಯಾಸ ಎರಡನ್ನೂ ಬದಲಾಯಿಸೋದು. ಮಾತ್ರೆಗಿಂತ ಮೊದ್ಲು ಇದನ್ನೇ ಕೊಡಿ ಅಂತ ಅಲ್ಲಿನ ಡಾಕ್ಟರುಗಳ ಸಂಘ ಅಮೆರಿಕನ್ ಕಾಲೇಜ್ ಆಫ್ ಫಿಜಿಶಿಯನ್ಸ್ 2016ರಲ್ಲೇ ಹೇಳಿದೆ. ಸಾಮಾನ್ಯವಾಗಿ ಕೆಲವೇ ವಾರದ ಸೆಷನ್. ಅದ್ರಲ್ಲಿ ಒಂದು ಭಾಗ ಸ್ಲೀಪ್ ರೆಸ್ಟ್ರಿಕ್ಷನ್, ಅಂದ್ರೆ ಹಾಸಿಗೇಲಿರೋ ಹೊತ್ತನ್ನ ಕಡಿಮೆ ಮಾಡೋದು. ಒಬ್ರು ರಾತ್ರಿ 10ಕ್ಕೆ ಮಲಗಿ 6ಕ್ಕೆ ಏಳ್ತಾರೆ, ದಿನಾ ಬರೆದಿಟ್ಟ ನಿದ್ದೆ ಡೈರಿ ನೋಡಿದ್ರೆ ನಿದ್ದೆ ಮಾಡಿರೋದು ಐದೂವರೆ ಗಂಟೆ ಅಷ್ಟೇ, ಅಂಥವರಿಗೆ "ಇನ್ಮೇಲೆ ಹನ್ನೆರಡೂವರೆಗೇ ಹಾಸಿಗೆಗೆ ಹೋಗಿ, 6ಕ್ಕೇ ಏಳಿ" ಅಂತಾರೆ. ಪಾಪ, ಮೊದಲ ವಾರ ಬೈತಾರೆ! ಹಾಸಿಗೇಲಿರೋ ಹೊತ್ತಲ್ಲಿ ಶೇ. 85ರಷ್ಟು ನಿದ್ದೆ ಆಗೋಕೆ ಶುರುವಾದ್ಮೇಲೆ ಕಾಲು ಗಂಟೆ, ಕಾಲು ಗಂಟೆ ಜಾಸ್ತಿ ಮಾಡ್ತಾ ಹೋಗೋದು.

ಕೇಳೋಕೆ ಸುಲಭ, ಅದಕ್ಕೇ ಕೋಚ್ ಕೋರ್ಸ್‌ಗಳು ಹುಟ್ಕೊಂಡಿರೋದು. ಆದ್ರೆ ಎದುರಿಗೆ ಕೂತವರಿಗೆ ಬೈಪೋಲಾರ್, ಅಂದ್ರೆ ಮನಸ್ಸು ತೀರಾ ಏರಿ ತೀರಾ ಇಳಿಯೋ ಕಾಯಿಲೆ ಇದ್ರೆ ನಿದ್ದೆ ಕಡಿತ ಮಾಡಿದ್ದಕ್ಕೇ ಮೇನಿಯಾ, ಅಂದ್ರೆ ಮಿತಿಮೀರಿದ ಉದ್ರೇಕ ಶುರುವಾಗ್ಬೋದು, ಫಿಟ್ಸ್ ಇದ್ರೆ ಫಿಟ್ಸ್ ಬರ್ಬೋದು, ಲಾರಿ ಓಡಿಸೋರಾದ್ರೆ ಸ್ಟೇರಿಂಗ್ ಮುಂದೆನೇ ತೂಕಡಿಸ್ಬೋದು. ಗೊರಕೆ ಹೊಡೀತಾ ಉಸಿರು ನಿಂತು ನಿಂತು ಬರೋರಿಗೆ ಮೊದ್ಲು ಟೆಸ್ಟ್ ಆಗ್ಬೇಕು. ಇದೆಲ್ಲ ಮೂರು ತಿಂಗಳಲ್ಲಿ ಬರಲ್ಲ, ಆ ದುಡ್ಡು ಉಳಿಸ್ಕೊಳಿ.

ಕ್ಲಿನಿಕಲ್ ಸೈಕಾಲಜಿಸ್ಟ್ ಆಗೋಕೆ ರಿಹ್ಯಾಬಿಲಿಟೇಶನ್ ಕೌನ್ಸಿಲ್, ಅದೇ ಆರ್‌ಸಿಐ, ರಿಜಿಸ್ಟ್ರೇಶನ್ ಬೇಕು. ಬರೀ ಎಂಎ ಸೈಕಾಲಜಿ ಮಾಡಿದ್ರೆ ಅದು ಸಿಗಲ್ಲ, ಇದು ಗೊತ್ತಿಲ್ದೆ ಎರಡು ವರ್ಷ ಕಳೆದ್ಮೇಲೆ ಪತ್ರ ಬರೆಯೋರೇ ಜಾಸ್ತಿ. ಇಷ್ಟು ದಿನ ಎಂಫಿಲ್ ದಾರಿ ಇತ್ತು, ಈಗ ಕೋರ್ಸ್‌ಗಳು ಬದಲಾಗ್ತಿವೆ, ಹಾಗಾಗಿ ಫೀಸ್ ಕಟ್ಟೋ ಮುಂಚೆ ಆ ಕಾಲೇಜು, ಆ ಕೋರ್ಸು ಎರಡೂ ಆರ್‌ಸಿಐ ವೆಬ್‌ಸೈಟಿನ ಲಿಸ್ಟಲ್ಲಿ ಇದ್ಯಾ ನೋಡಿ.

ಇಂಟರ್ನ್‌ಶಿಪ್ ಮಾಡುವಾಗ ಸ್ಲೀಪ್ ಲ್ಯಾಬ್ ಇರೋ ಆಸ್ಪತ್ರೆ ಹುಡುಕಿ, ಬೆಂಗಳೂರಿನ ನಿಮ್ಹಾನ್ಸಲ್ಲಿ ನಿದ್ದೆ ಬಗ್ಗೆನೇ ಸಂಶೋಧನೆ ನಡೆಯುತ್ತೆ. ನಿದ್ದೇಲಿ ಉಸಿರು ನಿಲ್ಲೋರಿಗೆ ಗಾಳಿ ಒತ್ತಿ ಕೊಡೋ ಸಿಪ್ಯಾಪ್ ಮೆಷಿನ್ನಿನ ಮಾಸ್ಕ್ ಹಾಕ್ಕೊಂಡ ತಕ್ಷಣ ಉಸಿರು ಕಟ್ಟಿದ ಹಾಗೆ ಗಾಬರಿಯಾಗಿ ಕಿತ್ತೆಸೆಯೋ ಪೇಷಂಟ್‌ಗಳು ಬೇಕಾದಷ್ಟಿದಾರೆ, ಅವರನ್ನ ನಿಧಾನಕ್ಕೆ ಒಗ್ಗಿಸೋ ಕೆಲ್ಸ ನಿಮಗೆ ಕೊಡ್ತಾರಾ ಅಂತ ಡಾಕ್ಟರನ್ನ ಕೇಳಿ.