ಚೀನೀ ಭಾಷಿಕರು ಇಂಗ್ಲಿಷಿನ ‘ಕೋಲ್ಡ್’, ‘ಕೂಲ್’, ‘ಕಾಮ್’ (calm) ಪದಗಳಲ್ಲಿ ಎಡವುವುದೇಕೆ?

ಮುಖ್ಯ ಕಾರಣ ಮ್ಯಾಂಡರಿನ್‌ನ ‘ಲೆಂಗ್‌ಜಿಂಗ್’. ‘ಲೆಂಗ್’ ಅಂದರೆ ತಣ್ಣಗಿರುವುದು, ‘ಜಿಂಗ್’ ಅಂದರೆ ನಿಶ್ಶಬ್ದ. ಕೂಡಿದರೆ ಉದ್ವೇಗಕ್ಕೊಳಗಾಗದ ಸ್ಥಿಮಿತ. ಅಲ್ಲಿ ಅದು ಹೊಗಳಿಕೆ. ಆ ಲೆಕ್ಕದಲ್ಲೇ ಸಮಾಧಾನಿ ಟೀಚರ್ ಬಗ್ಗೆ ‘ಶಿ ಈಸ್ ಕೋಲ್ಡ್’ ಅಂದರೆ ಆಕೆಗೆ ಚಳಿಯಾಗುತ್ತಿದೆ ಅಥವಾ ಆಕೆ ಅಕ್ಕರೆಯಿಲ್ಲದವಳು ಎಂದಾಗುತ್ತದೆ. ಈ ಎರಡನೇ ಅರ್ಥಕ್ಕೆ ಚೀನೀಯಲ್ಲಿ ‘ಲೆಂಗ್‌ಡಾನ್’ ಬೇರೆಯೇ ಇದೆ. ಹೇಳಬೇಕಾದ್ದು ‘ಶಿ ಈಸ್ ಕಾಮ್’; ಬರೆಯುವಾಗಿನ ‘ಎಲ್’ ಅಕ್ಷರವನ್ನು ಸಾಮಾನ್ಯವಾಗಿ ಉಚ್ಚರಿಸುವುದಿಲ್ಲ.

ರೇಗಿದವರಿಗೆ ‘ಕಾಮ್ ಡೌನ್’ ಬದಲು ‘ಬಿ ಕ್ವಯೆಟ್’ ಅಂದರೆ ಬಾಯಿ ಮುಚ್ಚು ಅಂದಂತೆ, ಜಗಳ ಹೆಚ್ಚುತ್ತದೆ. (‘ಕಾಮ್ ಡೌನ್’ ಕೂಡ ಮೇಲಧಿಕಾರಿಗೆ ಹೇಳುವ ಮಾತಲ್ಲ.)

‘ಕೂಲ್’ ನಿಜಕ್ಕೂ ತಂಟೆಯದು. ಚೀನೀಯಲ್ಲಿ ಹಿತವಾದ ತಂಪು ಹವೆಗೆ ‘ಲಿಯಾಂಗ್‌ಕ್ವಾಯ್’, ಸ್ಟೈಲಿಗೆ ‘ಕು’. ಎರಡಕ್ಕೂ ಇಂಗ್ಲಿಷಿನಲ್ಲಿ ‘ಕೂಲ್’ ನಡೆಯುತ್ತದೆ. ‘ಕೀಪ್ ಕೂಲ್’ ಅಂದರೆ ತಾಳ್ಮೆಯಿಂದಿರು. ಆದರೆ ‘ಹಿ ವಾಸ್ ಕೂಲ್ ಟುವರ್ಡ್ಸ್ ಮಿ’ ಅಂದರೆ ಮುಖ ಕೊಟ್ಟು ಮಾತಾಡಲಿಲ್ಲ ಎಂದು.

ಚೀನಾದಲ್ಲಿ 2021ರ ಜನವರಿ 1ರಿಂದ ಪರಸ್ಪರ ಒಪ್ಪಿಗೆಯ ವಿಚ್ಛೇದನಕ್ಕೆ 30 ದಿನಗಳ ‘ಲೆಂಗ್‌ಜಿಂಗ್ ಚೀ’ ಇದೆ (‘ಚೀ’ ಅಂದರೆ ಅವಧಿ). ಇಲ್ಲಿ ಮಾತ್ರ ‘ಕಾಮ್’ ಹೊಂದದು; ‘ಕೂಲಿಂಗ್-ಆಫ್ ಪೀರಿಯಡ್’ ಎನ್ನಬೇಕು.

ಇನ್ನು, ‘ಐ ಆ್ಯಮ್ ಕೋಲ್ಡ್’ ಚಳಿ. ‘ಐ ಹ್ಯಾವ್ ಎ ಕೋಲ್ಡ್’ ನೆಗಡಿ.