ಡ್ರಮ್ಮಿನಿಂದ ಟೈಮ್‌ಲೈನಿಗೆ: ಓದುಗರ ಪ್ರಶ್ನೆ, ಸಂಕಲನಕಾರನ ಉತ್ತರ

ಹಲವು ವರ್ಷ ರಾಕ್ ಬ್ಯಾಂಡಿನಲ್ಲಿ ಡ್ರಮ್ ನುಡಿಸಿ, ಆಮೇಲೆ ಟೆಲಿವಿಷನ್ ಸಂಕಲನವನ್ನೇ ಕಸುಬು ಮಾಡಿಕೊಂಡವನು ನಾನು ಎಂಬುದು ಈ ಅಂಕಣದ ಓದುಗರಿಗೆ ಗೊತ್ತಿರುವ ಸಂಗತಿ. ಆ ಬದಲಾವಣೆಯ ಕುರಿತೇ ಬಂದ ಪತ್ರಗಳು ಹೆಚ್ಚಾಗಿರುವುದರಿಂದ ಈ ಸಂಚಿಕೆಯ ಪುಟಗಳನ್ನು ಅವುಗಳಿಗೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ನಾನು ಬ್ಯಾಂಡೊಂದರಲ್ಲಿ ಬೇಸ್ ಗಿಟಾರ್ ನುಡಿಸುತ್ತೇನೆ. ಕಾರ್ಯಕ್ರಮಗಳು ಕಡಿಮೆಯಾಗಿವೆ, ಸಂಕಲನ ಕಲಿಯುವ ಆಲೋಚನೆಯಿದೆ. ಸಂಗೀತ ಬಲ್ಲವರಿಗೆ ಎಡಿಟಿಂಗ್ ಸುಲಭ ಎಂದು ಎಲ್ಲರೂ ಹೇಳುತ್ತಾರೆ. ಇದು ನಿಜವೋ, ಬರೀ ಸಮಾಧಾನದ ಮಾತೋ?

ಉತ್ತರ: ಅರ್ಧ ನಿಜ. ಯಾವ ಅರ್ಧ ನಿಜ ಎಂಬುದನ್ನು ತಿಳಿಯುವಲ್ಲಿಯೇ ಹೆಚ್ಚಿನವರು ಎಡವುತ್ತಾರೆ.

ಎಡಿಟಿಂಗಿಗೆ ಬಂದ ಸಂಗೀತಗಾರ ಮೊದಲು ಮಾಡುವ ಕೆಲಸವೆಂದರೆ ಬೀಟಿಗೆ ಸರಿಯಾಗಿ ಕಟ್ ಹಾಕುವುದು. ಪೆಟ್ಟು ಬಿದ್ದಲ್ಲೆಲ್ಲ ಹೊಸ ಶಾಟ್. ಮೊದಲ ಹತ್ತು ಸೆಕೆಂಡು ಅದು ಚುರುಕಾಗಿಯೇ ಕಾಣುತ್ತದೆ. ಅಲ್ಲಿಂದ ಮುಂದೆ ಮುಂದಿನ ಕಟ್ ಎಲ್ಲಿ ಬೀಳುತ್ತದೆಂಬುದು ನೋಡುಗನಿಗೆ ಮೊದಲೇ ತಿಳಿದುಹೋಗಿರುತ್ತದೆ, ಮೊದಲೇ ತಿಳಿದ ಕಟ್‌ಗೆ ಕಿಮ್ಮತ್ತಿಲ್ಲ. ಅದೂ ಅಲ್ಲದೆ ಲೆಕ್ಕವೂ ಕೈಕೊಡುತ್ತದೆ. ನಿಮಿಷಕ್ಕೆ 120 ಬೀಟ್‌ಗಳ ಹಾಡಿನಲ್ಲಿ ಪ್ರತಿ ಬೀಟಿಗೆ ಅರ್ಧ ಸೆಕೆಂಡು. ಸೆಕೆಂಡಿಗೆ 24 ಫ್ರೇಮ್, ಅಂದರೆ 24 ಬಿಡಿ ಚಿತ್ರಗಳು, ಓಡುವ ಸಿನಿಮಾದಲ್ಲಿ ಅದು ಸರಿಯಾಗಿ 12 ಫ್ರೇಮ್ ಆಗುತ್ತದೆ, ಆದರೆ ಸೆಕೆಂಡಿಗೆ 25 ಫ್ರೇಮ್ ಓಡುವ ಟೆಲಿವಿಷನ್‌ನಲ್ಲಿ ಹನ್ನೆರಡೂವರೆ. ಅರ್ಧ ಫ್ರೇಮಿನಲ್ಲಿ ಕಟ್ ಮಾಡುವಂತಿಲ್ಲ. ಒಮ್ಮೆ 12, ಒಮ್ಮೆ 13 ಎಂದು ಹೊಂದಿಸಿಕೊಳ್ಳಬೇಕು. ಅನುಭವಿಗಳಲ್ಲಿ ಅನೇಕರು ಬೀಟಿಗಿಂತ ಒಂದೆರಡು ಫ್ರೇಮ್ ಮುಂಚೆಯೇ ಕತ್ತರಿಸುತ್ತಾರೆ, ಏಕೆಂದರೆ ಹೊಸ ಚಿತ್ರವನ್ನು ಗುರುತು ಹಿಡಿಯಲು ಕಣ್ಣಿಗೆ ತುಸು ಸಮಯ ಬೇಕು, ಗುರುತು ಹಿಡಿದ ಆ ಕ್ಷಣವೇ ಬೀಟಿನ ಮೇಲೆ ಬೀಳಬೇಕು.

ನಿಜವಾಗಿ ಉಪಯೋಗಕ್ಕೆ ಬರುವುದು ಇನ್ನೊಂದು ಗುಣ, ಮತ್ತು ಬೇಸ್ ನುಡಿಸುವ ನಿಮಗೆ ಅದು ಇದ್ದೇ ಇರುತ್ತದೆ: ಪಕ್ಕದವನು ನುಡಿಸುತ್ತಿರುವುದನ್ನು ಕೇಳಿಸಿಕೊಳ್ಳುತ್ತಲೇ ನುಡಿಸುವುದು, ಎಲ್ಲಿ ಕೈ ಎತ್ತಬೇಕೆಂದು ತಿಳಿದಿರುವುದು. ಟೆಲಿವಿಷನ್‌ನ ಬಹುಪಾಲು ಸಾಮಗ್ರಿ ಹಾಡಲ್ಲ, ಮಾತು. ಮಾತಿಗೂ ಲಯವಿದೆ, ಆದರೆ ಅದನ್ನು ತಾಳ ಎಣಿಸುವ ಯಾವ ಮೆಟ್ರೊನೋಮಿಗೂ ಕಟ್ಟಿಹಾಕಲಾಗದು. ಒಂದು ಸಂದರ್ಶನವನ್ನು ಊಹಿಸಿಕೊಳ್ಳಿ. ತೀರಿಕೊಂಡ ಅಣ್ಣನ ಬಗ್ಗೆ ವೃದ್ಧರೊಬ್ಬರನ್ನು ಕೇಳಲಾಗಿದೆ. ಅವರು ಕನ್ನಡಕ ತೆಗೆಯುತ್ತಾರೆ, ಅಂಗಿಯ ಅಂಚಿನಿಂದ ಒರೆಸುತ್ತಾರೆ, ಮತ್ತೆ ಹಾಕಿಕೊಂಡು, ‘ಒಳ್ಳೆಯವನೇ ಆಗಿದ್ದ’ ಎನ್ನುತ್ತಾರೆ. ಈ ನಡುವಿನ ಮೌನ ನಾಲ್ಕು ಸೆಕೆಂಡು, ಅಂದರೆ ನೂರು ಫ್ರೇಮ್. ಅವಧಿ ಉಳಿಸಲು ಅದನ್ನು ಕಿತ್ತುಹಾಕಿದರೆ ಅದೇ ಮಾತು ಸಿದ್ಧಪಡಿಸಿಕೊಂಡು ಬಂದ ಉಪಚಾರದ ಮಾತಿನಂತೆ ಕೇಳುತ್ತದೆ. ಪೂರ್ತಿ ಉಳಿಸಿದರೆ ಆ ‘ಏ’ ಅಕ್ಷರದ ಹಿಂದೆ ಹಳೆಯ ಜಗಳವೊಂದು ಇದ್ದಿರಬಹುದೆಂದು ನೋಡುಗನಿಗೆ ಹೊಳೆಯುತ್ತದೆ. ಎಷ್ಟು ಉಳಿಸಬೇಕೆಂಬುದನ್ನು ಹೇಳುವ ಸೂತ್ರ ಯಾವ ಪಠ್ಯದಲ್ಲೂ ಇಲ್ಲ. ವಿರಾಮವೂ ನುಡಿಸಾಣಿಕೆಯ ಭಾಗವೆಂದು ಬ್ಯಾಂಡಿನಲ್ಲಿ ಕಲಿತವನಿಗೆ ಅದು ಉಳಿದವರಿಗಿಂತ ಸ್ವಲ್ಪ ಬೇಗ ಗೊತ್ತಾಗುತ್ತದೆ.

ಕಿವಿ ಇನ್ನೊಂದು ಕಡೆಯೂ ಕೆಲಸಕ್ಕೆ ಬರುತ್ತದೆ. ತುಟಿಚಲನೆಗಿಂತ ಧ್ವನಿ ಸುಮಾರು 45 ಮಿಲಿಸೆಕೆಂಡು ಮುಂದೆ ಹೋದರೆ ನೋಡುಗರು ಗಮನಿಸತೊಡಗುತ್ತಾರೆ, ಹಿಂದೆ ಬಿದ್ದರೆ ಸುಮಾರು 125ರವರೆಗೆ ಗಮನಿಸುವುದಿಲ್ಲ ಎಂದು ಪ್ರಸಾರದ ಅಂತರರಾಷ್ಟ್ರೀಯ ಶಿಫಾರಸುಗಳು ಹೇಳುತ್ತವೆ. ಬೆಳಕಿನ ಹಿಂದೆಯೇ ಸದ್ದು ಬರುವ ಲೋಕದಲ್ಲಿ ಬದುಕುವ ನಮಗೆ ತಡವಾದ ಸದ್ದು ಸಹಜ, ಅವಸರದ ಸದ್ದು ಅಸಹಜ. 25 ಫ್ರೇಮ್‌ಗಳ ಲೆಕ್ಕದಲ್ಲಿ ಒಂದು ಫ್ರೇಮ್ ಎಂದರೆ 40 ಮಿಲಿಸೆಕೆಂಡು. ಆ ಒಂದು ಫ್ರೇಮಿನ ವ್ಯತ್ಯಾಸವನ್ನು, ಬಿಗಿಯಾದ ಬ್ಯಾಂಡಿನಲ್ಲಿ ಪಳಗಿದವರು ಪರದೆಯ ಮೇಲೆ ಧ್ವನಿಯನ್ನು ತೋರಿಸುವ ಅಲೆಗಳನ್ನು ನೋಡದೆಯೇ ಹಿಡಿಯುವುದುಂಟು.

ಪ್ರಶ್ನೆ: ಹೀಗೆ ರಾಕ್ ಸಂಗೀತದಿಂದ ಟೆಲಿವಿಷನ್‌ಗೆ ದಾಟಿದ ಹೆಸರಾಂತರು ಇದ್ದಾರೆಯೇ?

ಉತ್ತರ: ಇದ್ದಾರೆ, ಆದರೆ ಅವರಲ್ಲಿ ಹೆಚ್ಚಿನವರು ನಿರ್ದೇಶಕರಾಗಿಯೋ ನಿರ್ಮಾಪಕರಾಗಿಯೋ ಹೆಸರು ಮಾಡಿದರು. ಸಂಕಲನಕಾರರ ಹೆಸರು ಯಾರಿಗೆ ನೆನಪಿರುತ್ತದೆ?

ನನಗೆ ಅತ್ಯಂತ ಕುತೂಹಲ ಹುಟ್ಟಿಸುವ ಜೋಡಿ ಬ್ರಿಟನ್ನಿನ ಕೆವಿನ್ ಗಾಡ್ಲಿ ಮತ್ತು ಲಾಲ್ ಕ್ರೀಮ್. ಗಾಡ್ಲಿ 10ಸಿಸಿ ಬ್ಯಾಂಡಿನ ಡ್ರಮ್ಮರ್, ಕ್ರೀಮ್ ಅದರ ಗಿಟಾರ್ ವಾದಕ. 1976ರಲ್ಲಿ ಬ್ಯಾಂಡ್ ಬಿಟ್ಟು ಹೊರಬಂದ ಇವರು ಎಂಬತ್ತರ ದಶಕದಲ್ಲಿ ಸಂಗೀತ ವೀಡಿಯೊಗಳ ಬಹು ಬೇಡಿಕೆಯ ನಿರ್ದೇಶಕರಾದರು. 1985ರಲ್ಲಿ ತಮ್ಮದೇ ‘ಕ್ರೈ’ ಹಾಡಿಗೆ ಮಾಡಿದ ವೀಡಿಯೊದಲ್ಲಿ ಒಂದು ಮುಖ ಕರಗುತ್ತ ಇನ್ನೊಂದಾಗುತ್ತದೆ. ಮುಖ ಬದಲಿಸುವ ಕಂಪ್ಯೂಟರ್ ತಂತ್ರ ಇನ್ನೂ ರೂಢಿಗೆ ಬಾರದ ಕಾಲವದು. ಅವರು ಬಳಸಿದ್ದು ಒಂದು ಚಿತ್ರ ಇನ್ನೊಂದರಲ್ಲಿ ಕರಗುವ ಡಿಸಾಲ್ವ್ ಮತ್ತು ಒಂದನ್ನು ಇನ್ನೊಂದು ಒರೆಸಿಕೊಂಡು ಬರುವ ವೈಪ್ ಎಂಬ, ಯಾವುದೇ ಎಡಿಟಿಂಗ್ ಕೋಣೆಯಲ್ಲಿದ್ದ ಮಾಮೂಲಿ ಉಪಕರಣಗಳನ್ನೇ. ಹಾಡಿನ ಸಾಲು ಎಲ್ಲಿ ಉಸಿರೆಳೆದುಕೊಳ್ಳುತ್ತದೆಂದು ಬಲ್ಲವರು ಮಾತ್ರ ಆ ವೈಪ್‌ಗಳನ್ನು ಅಷ್ಟು ನಿಧಾನವಾಗಿ ಎಳೆಯಬಲ್ಲರು.

ಮಂಕೀಸ್ ಬ್ಯಾಂಡಿನ ಮೈಕೆಲ್ ನೆಸ್ಮಿತ್ ಅವರದು ಇನ್ನೊಂದು ಬಗೆ. ಟೆಲಿವಿಷನ್ ಧಾರಾವಾಹಿಗೆಂದೇ ಜೋಡಿಸಿದ ಆ ಬ್ಯಾಂಡಿನಿಂದ ಹೊರಬಂದ ಮೇಲೆ ಅವರು ವೀಡಿಯೊ ಕಡೆ ಹೊರಳಿದರು, 1980ರಲ್ಲಿ ನಿಕೆಲೋಡಿಯನ್ ವಾಹಿನಿಯಲ್ಲಿ ಹಾಡಿನ ತುಣುಕುಗಳ ‘ಪಾಪ್‌ಕ್ಲಿಪ್ಸ್’ ಕಾರ್ಯಕ್ರಮವನ್ನು ತಂದರು. 1981ರ ಆಗಸ್ಟ್ 1ರಂದು ಆರಂಭವಾದ ಸಂಗೀತ ವಾಹಿನಿ ಎಂಟಿವಿಗೆ ಅದು ಪೂರ್ವಪೀಠಿಕೆಯೆಂದು ಪರಿಗಣಿತವಾಗಿದೆ. ತಮಾಷೆಯೆಂದರೆ, ಎಂಟಿವಿ ಪ್ರಸಾರ ಮಾಡಿದ ಮೊದಲ ವೀಡಿಯೊದ ನಿರ್ದೇಶಕ ರಸೆಲ್ ಮಲ್ಕೇಹಿ ಬಂದದ್ದು ಎದುರು ದಿಕ್ಕಿನಿಂದ: ಆಸ್ಟ್ರೇಲಿಯಾದ ಟೆಲಿವಿಷನ್‌ನಲ್ಲಿ ಎಡಿಟರ್ ಆಗಿದ್ದು, ಆಮೇಲೆ ರಾಕ್ ಹಾಡುಗಳ ಕಡೆಗೆ.

ಪ್ರಶ್ನೆ: ವೇದಿಕೆಯ ಮೇಲೆ ಚಪ್ಪಾಳೆ ಗಿಟ್ಟಿಸಿದವರಿಗೆ ಮುಚ್ಚಿದ ಕೋಣೆಯ ಕೆಲಸ ಒಗ್ಗುತ್ತದೆಯೇ?

ಉತ್ತರ: ಎಲ್ಲರಿಗೂ ಒಗ್ಗುವುದಿಲ್ಲ. ಡ್ರಮ್ಮರ್ ಹೇಗೂ ಹಿಂದೆ ಕುಳಿತವನು, ಅವನಿಗೆ ಹೆಚ್ಚು ಕಷ್ಟವಿಲ್ಲ. ಗಾಯಕರು ಬಹಳ ದಿನ ಒದ್ದಾಡುತ್ತಾರೆ.

ದಿನದ ಹೆಚ್ಚಿನ ಭಾಗ ಹೋಗುವುದು ಕತ್ತರಿಸುವುದರಲ್ಲಲ್ಲ, ನೋಡುವುದರಲ್ಲಿ. ಚಿತ್ರೀಕರಿಸಿ ತಂದ ಕಚ್ಚಾ ದೃಶ್ಯಗಳನ್ನೆಲ್ಲ ನೋಡಿ, ಟಿಪ್ಪಣಿ ಮಾಡಿ, ವಿಂಗಡಿಸಿಟ್ಟ ಮೇಲೆಯೇ ರಫ್ ಕಟ್, ಅಂದರೆ ಮೊದಲ ಒರಟು ಜೋಡಣೆ, ಶುರು. ಅದು ಮುಗಿದ ಮೇಲೆ ನಿರ್ದೇಶಕರು ಒಂದು ಹೇಳುತ್ತಾರೆ, ನಿರ್ಮಾಪಕರು ಇನ್ನೊಂದು, ವಾಹಿನಿಯವರು ಮೂರನೆಯದು. ಬ್ಯಾಂಡಿನಲ್ಲಿ ಜಗಳವಾಡಿಯಾದರೂ ನಿಮ್ಮ ಮಾತನ್ನು ನಡೆಸಿಕೊಳ್ಳಬಹುದಿತ್ತು. ಇಲ್ಲಿ ವಾದಿಸುವ ಹಕ್ಕು ನಿಮ್ಮದು, ಕೊನೆಯ ಮಾತು ನಿಮ್ಮದಲ್ಲ. ಪ್ರಸಾರದ ಹೊತ್ತು ಮಾತ್ರ ಯಾರ ಮಾತನ್ನೂ ಕೇಳುವುದಿಲ್ಲ. ಮುಗಿಯಿತೆಂದುಕೊಂಡ ಸಂಚಿಕೆ ನಲವತ್ತು ಸೆಕೆಂಡು ಉದ್ದವಾಗಿದೆ ಎಂದಾಗ, ನೀವು ಅತಿಯಾಗಿ ಮೆಚ್ಚಿದ್ದ ದೃಶ್ಯವೇ ಮೊದಲು ಹೋಗುತ್ತದೆ, ಏಕೆಂದರೆ ಕಥೆಗೆ ಬೇಕಾದದ್ದಕ್ಕಿಂತ ನಮಗೆ ಬೇಕಾದದ್ದನ್ನೇ ನಾವು ಹೆಚ್ಚು ಮೆಚ್ಚುವುದು.

ಕೆಲಸ ಚೆನ್ನಾಗಿದ್ದರೆ ಯಾರೂ ಗಮನಿಸುವುದಿಲ್ಲ ಎಂಬುದನ್ನು ಒಪ್ಪಿಕೊಳ್ಳಲಾಗದವರು ಈ ಕಡೆ ಬಾರದಿರುವುದೇ ಒಳ್ಳೆಯದು.

ಪ್ರಶ್ನೆ: ನಮ್ಮ ಮಗ ಬ್ಯಾಂಡ್ ಬಿಟ್ಟು ಎಡಿಟಿಂಗ್ ಕಲಿಯುತ್ತೇನೆನ್ನುತ್ತಾನೆ. ವರ್ಷಗಟ್ಟಲೆ ಜೋರು ಸದ್ದಿನಲ್ಲಿ ನುಡಿಸಿದ್ದಾನೆ. ಅದರಿಂದ ಈ ಕೆಲಸಕ್ಕೆ ತೊಂದರೆಯಾದೀತೇ?

ಉತ್ತರ: ಆಗಬಹುದು, ತಾಯಿ. ಈ ಪ್ರಶ್ನೆಯನ್ನು ನುಡಿಸುವವರು ಯಾರೂ ಕೇಳುವುದಿಲ್ಲ, ಹೆತ್ತವರೇ ಕೇಳಬೇಕು. 85 ಡೆಸಿಬಲ್ ಸದ್ದಿನಲ್ಲಿ ದಿನಕ್ಕೆ ಎಂಟು ಗಂಟೆಗಿಂತ ಹೆಚ್ಚು ಇರಬಾರದೆಂಬುದು ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ನಿಯೋಶ್‌ನ ಶಿಫಾರಸು. ಪ್ರತಿ 3 ಡೆಸಿಬಲ್ ಏರಿದಾಗ ಆ ಅವಧಿ ಅರ್ಧಕ್ಕಿಳಿಯುತ್ತದೆ. ಆ ಲೆಕ್ಕದಲ್ಲಿ 100 ಡೆಸಿಬಲ್‌ಗೆ ದಿನಕ್ಕೆ ಹದಿನೈದೇ ನಿಮಿಷ. ರಾಕ್ ವೇದಿಕೆಗೆ 100 ಡೆಸಿಬಲ್ ಹೊಸದೇನಲ್ಲ.

ಹೀಗೆ ಸದ್ದಿನಿಂದಾಗುವ ಹಾನಿ ಸಾಮಾನ್ಯವಾಗಿ 4,000 ಹರ್ಟ್ಸ್‌ನ ಆಸುಪಾಸಿನಲ್ಲಿ ಮೊದಲು ಕಾಣಿಸಿಕೊಳ್ಳುತ್ತದೆ. ಸ, ಶ, ಫ ಮುಂತಾದ ವ್ಯಂಜನಗಳ ಸ್ಪಷ್ಟತೆ ನಿಂತಿರುವುದು ಎತ್ತರದ ಕಂಪನಗಳ ಮೇಲೆ. ಸಂಕಲನಕಾರನಿಗೆ ಅವು ಮಂಕಾದರೆ ಮೈಕಿನ ಸುಯ್ಯೆನ್ನುವ ಸದ್ದು ಕೇಳಿಸದೇ ಹೋಗುತ್ತದೆ, ಮಾತು ಅಸ್ಪಷ್ಟವೆನ್ನಿಸಿ ಬೇಡದ ಕಡೆ ಸದ್ದು ಏರಿಸುವ ಅಭ್ಯಾಸ ಬೀಳುತ್ತದೆ. ಮಗನನ್ನು ಮೊದಲು ಕಿವಿ ತಜ್ಞರಲ್ಲಿಗೆ ಕಳಿಸಿ, ಕಿವಿ ಎಷ್ಟು ಕೇಳುತ್ತದೆಂದು ತೋರಿಸುವ ಆಡಿಯೊಗ್ರಾಮ್ ಮಾಡಿಸಿ. ಹಾಗೆಂದು ಅಂಜಬೇಕಾಗಿಲ್ಲ: ಅಂತಿಮ ಧ್ವನಿಮಿಶ್ರಣಕ್ಕೆ ಬೇರೆ ತಜ್ಞರಿರುತ್ತಾರೆ, ಸದ್ದಿನ ಮಟ್ಟ ತೋರಿಸುವ ಮೀಟರುಗಳಿವೆ; ಯುರೋಪಿನ ಪ್ರಸಾರಕ್ಕೆ ಮೈನಸ್ 23 ಎಲ್‌ಯುಎಫ್‌ಎಸ್ (ಸದ್ದು ಕಿವಿಗೆ ಎಷ್ಟು ಜೋರೆನಿಸುತ್ತದೆಂಬುದರ ಅಳತೆ) ಎಂಬ ನಿಗದಿತ ಮಟ್ಟವೇ ಇದೆ. ಇನ್ನು ಮುಂದೆ ನುಡಿಸುವಾಗಲೆಲ್ಲ ಇಯರ್‌ಪ್ಲಗ್ ಹಾಕಿಕೊಳ್ಳಲು ಮಾತ್ರ ಕಡ್ಡಾಯವಾಗಿ ಹೇಳಿ.

ಪ್ರಶ್ನೆ: ಯಾವ ಸಾಫ್ಟ್‌ವೇರ್ ಕಲಿಯಬೇಕು?

ಉತ್ತರ: ಯಾವುದಾದರೂ ಒಂದು. ಐವತ್ತರ ದಶಕದ ಕೊನೆಯಲ್ಲಿ ಎರಡಂಗುಲ ಅಗಲದ ವೀಡಿಯೊ ಟೇಪಿಗೆ ಕಬ್ಬಿಣದ ಪುಡಿಯ ದ್ರಾವಣ ಸವರಿ, ಕಾಣಿಸಿಕೊಂಡ ಗೆರೆಗಳನ್ನು ಸೂಕ್ಷ್ಮದರ್ಶಕದಲ್ಲಿ ಹುಡುಕಿ, ಬ್ಲೇಡಿನಿಂದ ಕೊಯ್ದು ಅಂಟಿಸುತ್ತಿದ್ದರು. 1989ರಲ್ಲಿ ಕಂಪ್ಯೂಟರಿನಲ್ಲಿ ಸಂಕಲನ ಮಾಡುವ ಅವಿಡ್ ಬಂತು. ಇಂದು ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿಯೇ ಕಲಿಯುವವರಿಗೆ ಧಾರಾಳವಾಗಿ ಸಾಕು. ಮನೆಯಲ್ಲಿ ಹಾಡು ರೆಕಾರ್ಡ್ ಮಾಡಿದ ಅನುಭವವಿದ್ದರೆ ಟ್ರ್ಯಾಕ್, ಫೇಡ್, ಟೈಮ್‌ಲೈನ್ ಇವೆಲ್ಲ ಪರಿಚಿತವೇ. ಬಟನ್ನುಗಳನ್ನು ಕಲಿಯಲು ವಾರಗಳು ಸಾಕು.

ಪ್ರಶ್ನೆ: ಮೊದಲ ಅಭ್ಯಾಸವನ್ನು ಎಲ್ಲಿಂದ ಶುರುಮಾಡಲಿ? ನಮ್ಮ ಬ್ಯಾಂಡಿನ ಹಾಡಿಗೇ ವೀಡಿಯೊ ಕಟ್ ಮಾಡಿದರೆ ಆದೀತೇ?

ಉತ್ತರ: ಅದನ್ನು ನೀವು ಹೇಗೂ ಮಾಡುತ್ತೀರಿ, ಮಾಡಿ, ಆದರೆ ಅದನ್ನು ಅಭ್ಯಾಸವೆಂದು ಎಣಿಸಬೇಡಿ. ಹಾಡು ನಿಮ್ಮ ತಪ್ಪುಗಳನ್ನೆಲ್ಲ ಮುಚ್ಚಿಬಿಡುತ್ತದೆ. ಪರಿಚಯದ ಯಾರನ್ನಾದರೂ ಕೂರಿಸಿ, ಅವರ ಕೆಲಸದ ಬಗ್ಗೆ ಹತ್ತು ನಿಮಿಷ ಮಾತನಾಡಿಸಿ, ಮೊಬೈಲಿನಲ್ಲಿಯೇ ಚಿತ್ರಿಸಿಕೊಳ್ಳಿ. ಅವರ ಕೈಗಳನ್ನೂ ಕೋಣೆಯನ್ನೂ ಬೇರೆಬೇರೆಯಾಗಿ ತೆಗೆದಿಡಿ. ಅದನ್ನು ಮೂರು ನಿಮಿಷಕ್ಕೆ ಇಳಿಸಿ. ಅವರು ಹೇಳಿದ್ದರ ಅರ್ಥ ಕೆಡಬಾರದು, ಕಟ್‌ಗಳು ಕಾಣಬಾರದು. ಮುಂದಿನ ದೃಶ್ಯ ಬರುವ ಮೊದಲೇ ಅದರ ಧ್ವನಿಯನ್ನು ಹಿಂದಿನದರ ಮೇಲೆ ಹಾಯಿಸುವ ಜೆ-ಕಟ್ಟನ್ನು, ಮಾತನಾಡುವವರ ಧ್ವನಿ ಮುಂದುವರಿಯುತ್ತಿರುವಾಗಲೇ ಕೈಗಳ ಶಾಟಿಗೆ ಹೋಗುವ ಎಲ್-ಕಟ್ಟನ್ನು ಅಲ್ಲಿ ಬಳಸಿ ನೋಡಿ. ಮುಗಿದ ಮೇಲೆ ಕಣ್ಣು ಮುಚ್ಚಿ ಒಮ್ಮೆ ಕೇಳಿ, ಧ್ವನಿ ಆರಿಸಿ ಒಮ್ಮೆ ನೋಡಿ. ಹಿನ್ನೆಲೆ ಸಂಗೀತ ಹಾಕಬೇಕೆಂದು ಕೈ ತುರಿಸುತ್ತದೆ. ಮಾತನಾಡಿದವರು ಅದನ್ನು ನೋಡಿ ‘ನಾನು ಹೇಳಿದ್ದು ಇದೇ’ ಎನ್ನುವವರೆಗೆ ಹಾಕಬೇಡಿ.